ಸೋವಿ ಗಾಡಿಯ ಚರಿತ್ರೆ

೧೯೮೧ರಿಂದ ೨೦೧೫ರವರೆಗೆ ಶಿರಹಟ್ಟಿ, ಮುಂಡರಗಿ ಮತ್ತು ಲಕ್ಷ್ಮೇಶ್ವರದ ಪ್ರೌಢಶಾಲೆಗಳಲ್ಲಿ ನಾನು ಚರಿತ್ರೆಯ ಪಾಠ ಹೇಳಿದೆ. ಅರಸರು ಬಂದರು, ಅರಸರು ಹೋದರು; ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ಪೇಶ್ವೆಗಳು, ಕೊನೆಗೆ ಇಂಗ್ಲಿಷರು. ಆದರೆ ನನ್ನ ಬೆಟಗೇರಿಯ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಿಂತಿರುವ ಒಂದು ವಸ್ತುವಿಗೂ ಚರಿತ್ರೆಯಿದೆ ಎಂಬುದು ನನಗೆ ಹೊಳೆದದ್ದು ೨೦೨೪ರಲ್ಲಿ. ಅದು ೧೯೯೯ರಲ್ಲಿ ನೋಂದಣಿಯಾದ ಒಂದು ಮಾರುತಿ ೮೦೦ ಕಾರು. ಆ ವರ್ಷ ಅದರ ನೋಂದಣಿಯ ಅವಧಿ ಮತ್ತೊಮ್ಮೆ ತೀರಿತು. ಖಾಸಗಿ ಕಾರಿಗೆ ಮೊದಲು ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ ಎಂಬುದು ನಿಯಮ. ಹದಿನೈದು ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು ೨೦೨೨ರ ಏಪ್ರಿಲ್‌ನಿಂದ ಆರುನೂರು ರೂಪಾಯಿಗಳಿಂದ ಐದು ಸಾವಿರಕ್ಕೆ ಏರಿಸಿದ್ದರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾಜಿ, ಇನ್ನು ಸಾಕು, ಗುಜರಿಗೆ ಹಾಕಿಬಿಡ್ರಿ" ಎಂದ. ನಾನು ಉತ್ತರ ಕೊಡಲಿಲ್ಲ. ಅಂದು ರಾತ್ರಿ ಹಳೆಯ ಲೆಕ್ಕದ ವಹಿಯನ್ನು ತೆಗೆದು ಕುಳಿತೆ. ಈ ಲೇಖನ ಹುಟ್ಟಿದ್ದು ಆ ವಹಿಯಿಂದ.

ನನ್ನ ಬಾಲ್ಯದ ಗದುಗಿನಲ್ಲಿ ಕಾರೆಂದರೆ ಹತ್ತಿ ವ್ಯಾಪಾರಿಗಳದು, ಎಣ್ಣೆ ಗಿರಣಿಯ ಸಾಹುಕಾರರದು, ಒಬ್ಬಿಬ್ಬರು ಡಾಕ್ಟರರದು. ಅವೂ ಮೂರೇ ಬಗೆ. ಉತ್ತರಪಾರಾದಿಂದ ಬರುತ್ತಿದ್ದ ಅಂಬಾಸಿಡರ್, ಮುಂಬಯಿಯಿಂದ ಬರುತ್ತಿದ್ದ ಫಿಯಾಟ್, ಮದರಾಸಿನಿಂದ ಬರುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಫಿಯಾಟ್ ಕಾರಿಗೆ ೧೯೭೦ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂದರೂ ನಮ್ಮ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಾಟೇ ಆಗಿ ಉಳಿಯಿತು. ಹಣವಿದ್ದವನಿಗೂ ಕಾರು ತಕ್ಷಣ ಸಿಗುತ್ತಿರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ತಯಾರಕರು ಕೆಲವೇ ಮಂದಿ, ಬೇಡುವವರು ಬಹಳ ಮಂದಿ. ಆದ್ದರಿಂದಲೇ ೧೯೬೯ರಲ್ಲಿ ಕೇಂದ್ರ ಸರ್ಕಾರ ಕಾರುಗಳ ಮಾರಾಟ ಬೆಲೆಯನ್ನು ತಾನೇ ನಿಗದಿಪಡಿಸಲು ಮುಂದಾಯಿತು. ಆ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಇಂದು ಕಾರಿನ ಅಂಗಡಿಯವರೇ ಮನೆಗೆ ಫೋನು ಮಾಡುವುದನ್ನು ಕಂಡವರಿಗೆ ಇದೆಲ್ಲ ಕಟ್ಟುಕಥೆಯಂತೆ ತೋರಬಹುದು.

ಸಾಮಾನ್ಯನ ಕೈಗೆಟುಕುವ ಸಣ್ಣ ಕಾರೊಂದು ಬೇಕು ಎಂಬ ಮಾತು ೧೯೬೦ರ ಸುಮಾರಿನ ಸರ್ಕಾರಿ ಸಮಿತಿಗಳ ವರದಿಗಳಲ್ಲಿಯೇ ಇತ್ತು. ಮಾತು ಕಾರಾಗಿ ರಸ್ತೆಗಿಳಿಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಸಂಜಯ ಗಾಂಧಿಯವರು ೧೯೭೧ರಲ್ಲಿ ಆರಂಭಿಸಿದ ಮೊದಲ ಮಾರುತಿ ಕಂಪನಿಯಿಂದ ಜನರ ಕೈಗೆ ಕಾರು ಬರಲೇ ಇಲ್ಲ. ಅದೇ ಕಾಲದಲ್ಲಿ ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನಲ್ಲಿ, ಒಂದು ಪ್ರಯತ್ನ ನಡೆಯಿತು ಎಂಬುದನ್ನು ಇಂದಿನ ತರುಣರು ಅರಿಯರು. 'ಬಾದಲ್' ಎಂಬ ಹೆಸರಿನ, ಫೈಬರ್ ಗ್ಲಾಸ್ ಮೈಯ, ಮೂರು ಗಾಲಿಯ ಪುಟ್ಟ ಗಾಡಿ ಅದು. ಮುಂದೆ ೧೯೮೨ರ ಸುಮಾರಿಗೆ ಅದೇ ಸಿಪಾನಿ ಸಂಸ್ಥೆಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿಯಲ್ಲಿ 'ಡಾಲ್ಫಿನ್' ಎಂಬ ಎರಡು ಬಾಗಿಲಿನ ಕಾರನ್ನು ಹೊರತಂದರು. ಅದರ ಮೈಯೂ ಫೈಬರ್ ಗ್ಲಾಸೇ. ತುಕ್ಕು ಹಿಡಿಯುವ ಭಯವಿಲ್ಲ. ಹಗುರಾದ್ದರಿಂದ ರ‍್ಯಾಲಿ ಪಂದ್ಯಗಳಲ್ಲಿ ಅದು ಹೆಸರು ಮಾಡಿತು. ಕನ್ನಡ ನೆಲದ ಕಾರು ಎಂಬ ಅಭಿಮಾನದಿಂದ ಶಿಕ್ಷಕರ ಕೊಠಡಿಯಲ್ಲಿ ನಾವು ಅದರ ಬಗ್ಗೆ ಮಾತನಾಡಿಕೊಂಡದ್ದು ನನಗೆ ನೆನಪಿದೆ. ಮಾತನಾಡಿದೆವು, ಅಷ್ಟೇ. ನಮ್ಮಲ್ಲಿ ಯಾರೂ ಕೊಳ್ಳಲಿಲ್ಲ. ಕೊಳ್ಳುವ ಶಕ್ತಿಯೂ ಇರಲಿಲ್ಲ.

ಆ ಹೊತ್ತಿಗೆ, ೧೯೮೩ರ ಡಿಸೆಂಬರ್ ೧೪ರಂದು, ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ ೮೦೦ ಕಾರಿನ ಕೀಲಿಕೈಯನ್ನು ಕೊಂಡವರ ಕೈಗಿತ್ತರು. ಸರ್ಕಾರಿ ಸ್ವಾಮ್ಯದ ಮಾರುತಿ ಉದ್ಯೋಗವು ಜಪಾನಿನ ಸುಜುಕಿಯೊಡನೆ ಕೂಡಿ ಮಾಡಿದ ಕಾರು. ಮೂರು ಸಿಲಿಂಡರಿನ, ೭೯೬ ಸಿಸಿಯ ಎಂಜಿನ್ನು. ಬೆಲೆ ಐವತ್ತು ಸಾವಿರದ ಆಸುಪಾಸು. ಆಗ ನನ್ನ ಸಂಬಳ ತಿಂಗಳಿಗೆ ಸಾವಿರ ಮುಟ್ಟಿರಲಿಲ್ಲ. ಅಂದರೆ ನಾಲ್ಕು ವರ್ಷಕ್ಕೂ ಹೆಚ್ಚಿನ ಸಂಬಳವನ್ನು ಒಂದು ಕಾಸೂ ಮುರಿಯದೆ ಕೂಡಿಟ್ಟರೆ ಒಂದು 'ಅಗ್ಗದ' ಕಾರು! ಅಗ್ಗ ಎಂಬ ಮಾತಿಗೆ ತನ್ನಷ್ಟಕ್ಕೆ ಅರ್ಥವಿಲ್ಲ, ಯಾರ ಜೇಬಿನಿಂದ ನೋಡುತ್ತೇವೆ ಎಂಬುದರ ಮೇಲೆ ಅದರ ಅರ್ಥ ನಿಂತಿದೆ ಎಂಬುದನ್ನು ಓದುಗರು ಗಮನಿಸಬೇಕು.

ನಾನು ಕಾರು ಕೊಳ್ಳಲು ಮತ್ತೆ ಇಪ್ಪತ್ತು ವರ್ಷಗಳು ಬೇಕಾದವು. ೨೦೦೪ರಲ್ಲಿ ನನ್ನ ತಾಯಿಗೆ ಮೊಣಕಾಲು ನೋವು ಹೆಚ್ಚಾಗಿ ಬಸ್ಸಿನ ಮೆಟ್ಟಿಲು ಹತ್ತುವುದು ಆಗದಾಯಿತು. ಹಳೆಯ ಕಾರೊಂದನ್ನು ನೋಡೋಣವೆಂದು ಮೊದಲು ಹುಬ್ಬಳ್ಳಿಯ ಒಬ್ಬ ದಲಾಲನಲ್ಲಿಗೆ ಹೋದೆ. ಫಳಫಳ ಹೊಳೆಯುವ ಕಾರು; ಮೀಟರಿನಲ್ಲಿ ಇಪ್ಪತ್ತೆಂಟು ಸಾವಿರ ಕಿಲೋಮೀಟರು. ನನಗೆ ಅದು ಹಿಡಿಸಿಬಿಟ್ಟಿತು. ಪುಣ್ಯಕ್ಕೆ ಬೆಟಗೇರಿಯ ಒಬ್ಬ ಮಿಸ್ತ್ರಿ ಸಾಹೇಬರನ್ನು ಜೊತೆಗೆ ಕರೆದೊಯ್ದಿದ್ದೆ. ಅವರು ಶಾಲೆಯ ಮುಖ ಹೆಚ್ಚು ಕಂಡವರಲ್ಲ. ಬಾಗಿಲು ತೆರೆದು ಕ್ಲಚ್ಚು, ಬ್ರೇಕಿನ ಪೆಡಲುಗಳನ್ನು ನೋಡಿದರು. ಅವುಗಳ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಕಾಲಡಿಯ ಹಾಸನ್ನೆತ್ತಿ ತುಕ್ಕನ್ನು ತೋರಿಸಿದರು. ಎಂಜಿನ್ನು ಚಾಲೂ ಮಾಡಿಸಿ ಹಿಂದೆ ಹೋಗಿ ನಿಂತರು. ಹೊಗೆ ನೀಲಿಯಾಗಿ ಬಂತು. ಎಣ್ಣೆ ಸುಡುತ್ತಿದೆ ಎಂದು ಅದರ ಅರ್ಥ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ಮಾಸ್ತರ, ಮೀಟರ್ ಸುಳ್ಳ ಹೇಳತೈತ್ರಿ, ಪೆಡಲ್ ಸುಳ್ಳ ಹೇಳೂದಿಲ್ರಿ."

ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತಿದ್ದ ಪಾಠವನ್ನು ಅವರು ಒಂದು ಮಾತಿನಲ್ಲಿ ನನಗೇ ಹೇಳಿದ್ದರು. ಶಾಸನದ ಪ್ರಶಸ್ತಿಭಾಗದಲ್ಲಿ ಅರಸನು ಭೂಮಂಡಲವನ್ನೇ ಗೆದ್ದಿರುತ್ತಾನೆ, ಅದನ್ನು ನಂಬಬಾರದು. ಯಾವ ಊರಿನ ಯಾವ ಹೊಲ, ಎಷ್ಟು ಮತ್ತರು, ಯಾವ ಗಡಿ ಎಂಬ ದಾನದ ಭಾಗವನ್ನು ಓದಬೇಕು. ನಮ್ಮ ಲಕ್ಷ್ಮೇಶ್ವರದಲ್ಲಿಯೇ, ಹಳೆಯ ಪುಲಿಗೆರೆಯಲ್ಲಿ, ಹಿಂದಿನ ಕಾಲದ ದಾನಗಳನ್ನು ಮುಂದಿನ ಕಾಲದ ಅಕ್ಷರಗಳಲ್ಲಿ ಕೆತ್ತಿಸಿದ ಶಾಸನಗಳಿದ್ದು ವಿದ್ವಾಂಸರು ಅವುಗಳ ಕಾಲದ ಬಗ್ಗೆ ಚರ್ಚಿಸಿದ್ದಾರೆ. ಹೊಳಪಿಗಿಂತ ಸವೆತವೇ ನಂಬಿಕೆಗೆ ಅರ್ಹವಾದ ಸಾಕ್ಷಿ. ಆ ಕಾರನ್ನು ಅಲ್ಲಿಯೇ ಬಿಟ್ಟು ಬಂದೆವು.

ಹಿಂದಿರುಗುವಾಗ ನಾನು ಮಿಸ್ತ್ರಿಯವರ ಮುಂದೆ ಬೇರೆ ಬೇರೆ ಕಾರುಗಳ ಹೆಸರು ಹೇಳತೊಡಗಿದೆ. ಇದು ಕಡಿಮೆಗೆ ಸಿಗುತ್ತದೆ, ಅದು ಇನ್ನೂ ಕಡಿಮೆಗೆ ಸಿಗುತ್ತದೆ ಎಂದು. ಅವರು ತಲೆಯಾಡಿಸಿದರು. "ಸೋವಿ ಐತಿ ಅಂತ ತಗೋಬ್ಯಾಡ್ರಿ. ಕೆಟ್ಟರ ರಿಪೇರಿ ಮಾಡಾಂವ ನಿಮ್ಮೂರಾಗ ಅದಾನೇನು, ಅದರ ಸಾಮಾನ ಗದುಗಿನ್ಯಾಗ ಸಿಗತಾವೇನು, ಅಷ್ಟ ನೋಡ್ರಿ." ಕೆಲವು ವಾರಗಳ ತರುವಾಯ ಗದುಗಿನಲ್ಲಿಯೇ ನಿವೃತ್ತ ನೌಕರರೊಬ್ಬರ ಕಾರು ಸಿಕ್ಕಿತು. ಧಾರವಾಡದ ಕೆಎ-೨೫ ಸಂಖ್ಯೆಯ ಫಲಕ, ಬಿಳಿಯ ಬಣ್ಣ, ಅಲ್ಲಲ್ಲಿ ಗೀರು. ಎಂಬತ್ತೈದು ಸಾವಿರ ರೂಪಾಯಿ. ಮಿಸ್ತ್ರಿಯವರು ಪೆಡಲು ನೋಡಿ, ಹೊಗೆ ನೋಡಿ, "ತಗೋರಿ" ಎಂದರು. ತೆಗೆದುಕೊಂಡೆ.

ಆ ಮಿಸ್ತ್ರಿಯವರ ಮಾತನ್ನು ಹಿಡಿದು ಹಿಂದಿನ ಚರಿತ್ರೆಯನ್ನು ನೋಡಿದರೆ ಅನೇಕ ಸಂಗತಿಗಳು ಸ್ಪಷ್ಟವಾಗುತ್ತವೆ. ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರು ಎಷ್ಟೇ ಒಳ್ಳೆಯದಿರಲಿ, ತಾಲೂಕು ಊರಿನಲ್ಲಿ ಅದರ ಬಿಡಿಭಾಗ ಇಟ್ಟು ಕೂರುವ ಅಂಗಡಿಯವನು ಇರಲಾರ; ಅದನ್ನು ಬಿಚ್ಚಿ ನೋಡಿ ಕಲಿತ ಹುಡುಗರೂ ಇರಲಾರರು. ಮಾರುತಿ ೮೦೦ ಮೂವತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಇಪ್ಪತ್ತೈದು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅಷ್ಟೊಂದು ಕಾರುಗಳಿರುವಾಗ ಶಿರಹಟ್ಟಿಯ ಬಸ್‌ಸ್ಟ್ಯಾಂಡಿನ ಪಕ್ಕದ ಗ್ಯಾರೇಜಿನ ಹುಡುಗನಿಗೂ ಅದರ ಕಾರ್ಬೋರೇಟರು ಬಿಚ್ಚಲು ಬರುತ್ತಿತ್ತು. ನಂಬಿಕೆ ಎಂಬುದು ಕಾರಿನ ಒಳಗಿರುವ ಗುಣ ಮಾತ್ರವಲ್ಲ. ಕಾರಿನ ಹೊರಗೆ, ಊರಿನಲ್ಲಿ ಹರಡಿಕೊಂಡಿರುವ ವಿದ್ಯೆಯೂ ಹೌದು.

ನನ್ನ ಕಾರು ಎಂದೂ ಕೈಕೊಡಲಿಲ್ಲವೆಂದು ಹೇಳಲಾರೆ. ಆದರೆ ಮೊದಲ ದೊಡ್ಡ ಪೆಟ್ಟಿಗೆ ನಾನೇ ಹೊಣೆ. ೨೦೦೬ರ ಏಪ್ರಿಲ್ ತಿಂಗಳು. ಗದುಗಿನಿಂದ ಮುಂಡರಗಿಗೆ ಮದುವೆಗೆಂದು ಹೊರಟಿದ್ದೆವು. ರೇಡಿಯೇಟರಿನ ನೀರನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ. ಬಿಸಿಯ ಮುಳ್ಳು ಕೆಂಪಿಗೆ ಹೋದದ್ದನ್ನೂ ಗಮನಿಸದೆ, ಒಳಗಿದ್ದವರೊಡನೆ ಮಾತನಾಡುತ್ತಲೇ ನಡೆಸಿದೆ. ಡಂಬಳ ಸಮೀಪಿಸಿದಾಗ ಬಾನೆಟ್ಟಿನಿಂದ ಉಗಿ ಎದ್ದಿತು. ತಾಯಿ, ಹೆಂಡತಿ, ಇಬ್ಬರು ಮಕ್ಕಳು ರೇಷ್ಮೆಯುಟ್ಟು ಬಿಸಿಲಿನಲ್ಲಿ ರಸ್ತೆಯ ಬದಿಗೆ ನಿಂತರು. ಟ್ರ್ಯಾಕ್ಟರಿನವನೊಬ್ಬ ಕೆರೆಯಿಂದ ಕೊಡದಲ್ಲಿ ನೀರು ತಂದುಕೊಟ್ಟ. ಎಂಜಿನ್ನು ಆರುವ ಮುನ್ನವೇ ಮುಚ್ಚಳ ತೆರೆಯಲು ಹೋದ ನನ್ನ ಕೈಯನ್ನು ಹಿಡಿದು ತಡೆದವನೂ ಅವನೇ. ಮರುದಿನ ಬೆಟಗೇರಿಯಲ್ಲಿ ಮಿಸ್ತ್ರಿಯವರು ಹೆಡ್ ಗ್ಯಾಸ್ಕೆಟ್ ಸುಟ್ಟಿರುವುದನ್ನು ತೋರಿಸಿ, "ಗಾಡಿ ಒದರೇತ್ರಿ ಮಾಸ್ತರ, ನೀವ ಕೇಳಿಲ್ಲ" ಎಂದರು. ವಹಿಯಲ್ಲಿ ಆ ದಿನದ ಖರ್ಚಿನ ಎದುರು 'ನನ್ನ ಅಲಕ್ಷ್ಯ' ಎಂದು ಬರೆದಿದ್ದೇನೆ.

ಇನ್ನು ೨೦೦೮ರ ಮಾತು. ಆ ವರ್ಷದ ಜನವರಿ ೧೦ರಂದು ರತನ್ ಟಾಟಾ ಅವರು ದೆಹಲಿಯಲ್ಲಿ ನ್ಯಾನೋ ಕಾರನ್ನು ಪ್ರದರ್ಶಿಸಿದರು. ಒಂದು ಲಕ್ಷ ರೂಪಾಯಿಯ ಕಾರು! ಸ್ಕೂಟರಿನ ಮೇಲೆ ಮಳೆಯಲ್ಲಿ ಸಾಗುವ ನಾಲ್ಕು ಜನರ ಕುಟುಂಬವನ್ನು ಕಂಡು ಈ ಯೋಚನೆ ಬಂತೆಂದು ಅವರು ಹೇಳಿದ್ದರು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಭೂಮಿಯ ವಿವಾದವೆದ್ದು ಕಾರ್ಖಾನೆ ಅಲ್ಲಿಂದ ಹೊರಡುವ ಸೂಚನೆ ಕಂಡಾಗ, ಕರ್ನಾಟಕ ಸರ್ಕಾರ ಧಾರವಾಡದ ಬಳಿ ಜಾಗ ಕೊಡಲು ಮುಂದಾಯಿತು. ಆ ಸೆಪ್ಟೆಂಬರಿನಲ್ಲಿ ನಮ್ಮ ಕಡೆಯ ಐಟಿಐ ಹುಡುಗರ ಕಣ್ಣಲ್ಲಿ ಕಂಡ ಆಸೆಯನ್ನು ನಾನು ಮರೆತಿಲ್ಲ. ಹತ್ತನೆಯ ತರಗತಿ ಮುಗಿಸಿ ಹೋದ ನನ್ನ ವಿದ್ಯಾರ್ಥಿಗಳು ದಾರಿಯಲ್ಲಿ ಸಿಕ್ಕಾಗ, "ಸರ್, ಕಾರ್ಖಾನಿ ಧಾರವಾಡಕ್ಕ ಬರತೈತಂತ, ಖರೇನ್ರಿ?" ಎಂದು ಕೇಳುತ್ತಿದ್ದರು. ಅಕ್ಟೋಬರ್ ೭ರಂದು ಗುಜರಾತಿನ ಸಾಣಂದ್ ಎಂದು ಘೋಷಣೆಯಾಯಿತು. ಧಾರವಾಡಕ್ಕೆ ಟಾಟಾ ಸಂಸ್ಥೆಯ ಬಸ್ಸಿನ ಕಾರ್ಖಾನೆ ದಕ್ಕಿತು, ಸಣ್ಣ ಕಾರಿನದು ದಕ್ಕಲಿಲ್ಲ.

೨೦೦೯ರ ಮಾರ್ಚಿನಲ್ಲಿ ನ್ಯಾನೋ ಮಾರುಕಟ್ಟೆಗೆ ಬಂದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿದರು. ಹಿಂದೆ ಎಂಜಿನ್ನು, ಎರಡೇ ಸಿಲಿಂಡರು, ೬೨೪ ಸಿಸಿ. ಮುಂದೆ ಒಂದೇ ವೈಪರು. ಗಾಲಿಗೆ ನಾಲ್ಕರ ಬದಲು ಮೂರೇ ನಟ್ಟು. ಬೆಲೆಯನ್ನು ಇಳಿಸಲು ಒಂದೊಂದು ನಟ್ಟನ್ನೂ ಲೆಕ್ಕ ಹಾಕಿದ್ದರು. ಮುಂಡರಗಿಯಲ್ಲಿ ನನ್ನ ಸಹೋದ್ಯೋಗಿಯಾಗಿದ್ದ, ನನಗಿಂತ ಕಿರಿಯರಾದ ಗಣಿತದ ಮೇಷ್ಟ್ರೊಬ್ಬರು ೨೦೧೦ರಲ್ಲಿ ಅದನ್ನು ಕೊಂಡರು. ಶಾಲೆಯ ಅಂಗಳಕ್ಕೆ ಅದು ಬಂದ ದಿನ ಯಾರೋ, "ಸರ್, ರಿಕ್ಷಾಕ್ಕ ಇನ್ನೊಂದು ಗಾಲಿ ಹಚ್ಚಿಸಿದ್ರೇನು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಕ್ಕಿಂತ ಹನ್ನೊಂದು ವರ್ಷ ಹಳೆಯದಾದ, ಇನ್ನೊಬ್ಬರು ಬಳಸಿ ಬಿಟ್ಟ ಕಾರಿನ ಒಡೆಯನಾದ ನಾನು ನಕ್ಕೆ. ಅವರು ಏನೂ ಅನ್ನಲಿಲ್ಲ. ಕಾರನ್ನು ಹುಣಸೆಯ ಮರದ ನೆರಳಿಗೆ ನಿಲ್ಲಿಸಿ ತರಗತಿಗೆ ಹೋದರು.

ಮರುವರ್ಷ ಅವರ ತಾಯಿಯ ಮೂತ್ರಪಿಂಡಗಳು ಕೆಟ್ಟವು. ವಾರಕ್ಕೆ ಎರಡು ಸಲ ಗದುಗಿನ ಆಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಾಗಿತ್ತು. ಮುಂಡರಗಿಯಿಂದ ಗದುಗಿಗೆ ಸುಮಾರು ನಲವತ್ತು ಕಿಲೋಮೀಟರು. ಹೋಗಿ ಬರಲು ಎಂಬತ್ತು. ಮೂರು ವರ್ಷ ಹಾಗೆ ನಡೆಯಿತು. ಇಪ್ಪತ್ತೈದು ಸಾವಿರ ಕಿಲೋಮೀಟರಿನ ದಾರಿ ಅದು. ಬಾಡಿಗೆ ಕಾರಿನಲ್ಲಿ ಅಷ್ಟು ಸಲ ಓಡಾಡಲು ಮಾಸ್ತರಿಕೆಯ ಸಂಬಳ ಸಾಲದು. ಬಸ್ಸಿನಲ್ಲಿ ಕೂರಲು ಆ ತಾಯಿಗೆ ತ್ರಾಣವಿರಲಿಲ್ಲ. ಒಮ್ಮೆ ಡಂಬಳದ ಬಳಿ ನನ್ನ ಬಸ್ಸನ್ನು ಆ ಪುಟ್ಟ ಕಾರು ದಾಟಿಹೋಯಿತು. ಹಿಂದಿನ ಸೀಟಿನಲ್ಲಿ ಅವರ ತಾಯಿ ದಿಂಬಿಗೆ ಒರಗಿ ಮಲಗಿದ್ದರು. ಎಂಟು ವರ್ಷ ಹಿಂದೆ ನನ್ನ ತಾಯಿಗಾಗಿ ನಾನು ಕಾರು ಹುಡುಕಿದ್ದು ಆಗ ನೆನಪಾಯಿತು. ಕಿಟಕಿಯ ಬಳಿ ಕುಳಿತು ನಾನು ನಾಚಿದೆ.

ತಾಯಿ ತೀರಿಕೊಂಡ ಮೇಲೆ ಅವರು ಕಾರನ್ನು ಮಾರಿದರು. ಎಷ್ಟಕ್ಕೆ ಹೋಯಿತೆಂದು ಕೇಳಿದೆ.

"ಮೂವತ್ತು ಸಾವಿರಕ್ಕರೀ."

"ಬಾಳ ಲುಕ್ಸಾನ ಆತಲ್ರೀ ಸರ್."

"ಲುಕ್ಸಾನ ಎಲ್ಲಿದ್ರೀ? ಅವ್ವ ಮೂರು ವರ್ಷ ಕೂಡ ಇದ್ಲಲ್ರೀ."

ನ್ಯಾನೋ ಕಾರಿನ ತಯಾರಿಕೆ ೨೦೧೮ರಲ್ಲಿ ಹೆಚ್ಚುಕಡಿಮೆ ನಿಂತುಹೋಯಿತು. ಆರಂಭದಲ್ಲಿ ಕೆಲವು ಕಾರುಗಳಿಗೆ ಬೆಂಕಿ ತಗುಲಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿದ್ದವು. ಕಂಪನಿಯು ಹೆಚ್ಚಿನ ರಕ್ಷಣೆಯ ಅಳವಡಿಕೆಯನ್ನು ಉಚಿತವಾಗಿ ಮಾಡಿಕೊಟ್ಟಿತು. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹೆಸರಿನಿಂದ. 'ಎಲ್ಲಕ್ಕಿಂತ ಅಗ್ಗದ ಕಾರು' ಎಂಬ ಹಣೆಪಟ್ಟಿಯೇ ಅದಕ್ಕೆ ಕೇಡಾಯಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ನಮ್ಮ ಸೀಮೆಯಲ್ಲಿ ಕಾರು ಕೇವಲ ಸವಾರಿಯಲ್ಲ. ಬೀಗರ ಮನೆಯ ಮುಂದೆ ನಿಲ್ಲುವ ಮರ್ಯಾದೆಯೂ ಹೌದು. ಜನರು ಅಗ್ಗದ ವಸ್ತುವನ್ನು ಕೊಳ್ಳಲು ಹಿಂಜರಿಯುವುದಿಲ್ಲ. ಅಗ್ಗದ್ದನ್ನು ಕೊಂಡವರೆಂದು ಕರೆಸಿಕೊಳ್ಳಲು ಹಿಂಜರಿಯುತ್ತಾರೆ. ಆ ಕಾರನ್ನು ಸೋಲಿಸಿದ ನಗೆಯಲ್ಲಿ ನನ್ನ ನಗೆಯೂ ಒಂದು ಪಾಲು.

ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ೨೦೧೪ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳನ್ನು ಅಪಘಾತದ ಪರೀಕ್ಷೆಗೆ ಒಡ್ಡಿತು. ಆಲ್ಟೋ, ನ್ಯಾನೋ ಮೊದಲ್ಗೊಂಡು ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕದ್ದು ಸೊನ್ನೆ. ಮಾರುತಿ ೮೦೦ ಕಾರಿನ ತಯಾರಿಕೆ ನಿಂತದ್ದೂ ಅದೇ ತಿಂಗಳು. ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು ೨೦೧೯ರಲ್ಲಿ. ಅಂದರೆ ನಮ್ಮ ಪೀಳಿಗೆಯ ಸೋವಿ ಕಾರುಗಳ ಬೆಲೆಯಲ್ಲಿ ಉಳಿದ ಹಣದ ಒಂದು ಭಾಗ ನಮ್ಮ ಮೈಮೇಲಿನ ಅಪಾಯವಾಗಿ ಜಮೆಯಾಗಿತ್ತು. ಯಾವ ಮಾಲಿಕನ ಲೆಕ್ಕದ ವಹಿಯಲ್ಲಿಯೂ ಆ ಬಾಬತ್ತಿಗೆ ಕಾಲಂ ಇರಲಿಲ್ಲ. ನನ್ನ ವಹಿಯಲ್ಲಿಯೂ ಇಲ್ಲ. ಮಗನ ಮಾತಿನಲ್ಲಿದ್ದ ಕಳವಳ ಹಣದ್ದಲ್ಲ, ಇದರದು ಎಂದು ನನಗೆ ತಡವಾಗಿ ಅರ್ಥವಾಯಿತು.

ಆ ರಾತ್ರಿ ವಹಿಯ ಮೊತ್ತ ಕೂಡಿಸಿದೆ. ಇಪ್ಪತ್ತು ವರ್ಷ, ಒಂದು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರು. ಕೊಂಡ ಬೆಲೆ ಎಂಬತ್ತೈದು ಸಾವಿರ, ರಿಪೇರಿ ಮತ್ತು ಟೈರು, ಬ್ಯಾಟರಿಗಳಿಗೆ ಒಂದು ಲಕ್ಷ ತೊಂಬತ್ತಾರು ಸಾವಿರ. ಪೆಟ್ರೋಲು, ವಿಮೆ ಬಿಟ್ಟರೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ಕೊಂಡ ಬೆಲೆಯ ಎರಡು ಪಟ್ಟಿಗೂ ಹೆಚ್ಚು ಹಣ ರಿಪೇರಿಗೆ ಹೋಗಿದೆ. ಸೋವಿ ಗಾಡಿಯ ಬೆಲೆಯನ್ನು ಕೊಳ್ಳುವ ದಿನ ಪೂರ್ತಿಯಾಗಿ ಕೊಡುವುದಿಲ್ಲ; ಕಂತುಕಂತಾಗಿ ಗ್ಯಾರೇಜಿನಲ್ಲಿ ಕೊಡುತ್ತೇವೆ. ಕೊಡಲು ಒಂದು ಒಳ್ಳೆಯ ಗ್ಯಾರೇಜು ಹತ್ತಿರದಲ್ಲಿದ್ದರೆ ಮಾತ್ರ ಅದು ಲಾಭ. ನನ್ನ ಮಿಸ್ತ್ರಿ ಸಾಹೇಬರು ಈಗಿಲ್ಲ. ಅವರ ಮಗ ಕಂಪ್ಯೂಟರು ಹಚ್ಚಿ ಹೊಸ ಕಾರುಗಳ ದೋಷ ಹುಡುಕುತ್ತಾನೆ. ನನ್ನ ಕಾರು ಹೋದರೆ ಮಾತ್ರ ಕಿವಿಗೊಟ್ಟು ಕೇಳುತ್ತಾನೆ.

ಕೊನೆಗೆ ಮಗನೊಡನೆ ಒಪ್ಪಂದವಾಯಿತು. ಐದು ಸಾವಿರ ಕಟ್ಟಿ ನೋಂದಣಿಯನ್ನು ನವೀಕರಿಸಿದೆ. ಆದರೆ ಕಾರು ಇನ್ನು ಹೆದ್ದಾರಿಗೆ ಹೋಗುವುದಿಲ್ಲ. ಬೆಟಗೇರಿಯಿಂದ ಗದುಗಿನ ಪೇಟೆಗೆ, ಆಸ್ಪತ್ರೆಗೆ, ವೀರನಾರಾಯಣನ ಗುಡಿಗೆ, ಅಷ್ಟೇ. ಮೊಮ್ಮಕ್ಕಳನ್ನು ಅದರಲ್ಲಿ ಊರ ಹೊರಗೆ ಒಯ್ಯುವುದಿಲ್ಲ. ಈ ಷರತ್ತನ್ನು ನಾನು ಪಾಲಿಸುತ್ತಿದ್ದೇನೆ.

ಆಮೇಲೆ ಮುಂಡರಗಿಯ ಅನ್ನದಾನೀಶ್ವರ ಮಠದ ಜಾತ್ರೆಗೆ ಬಸ್ಸಿನಲ್ಲಿ ಹೋದೆ. ಗಣಿತದ ಮೇಷ್ಟ್ರು ತೇರಿನ ಬೀದಿಯಲ್ಲಿ ಸಿಕ್ಕರು. ಚಹಾ ಕುಡಿಯುತ್ತ, ಬಹಳ ದಿನಗಳಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ. "ಸರ್, ನೀವು ಆ ಕಾರು ತಂದ ದಿನ ನಾನೂ ನಕ್ಕಿದ್ದೆ. ತಪ್ಪಾಯಿತು."

ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ನೀವು ನಕ್ಕಿದ್ದು ನನಗ ನೆನಪಿಲ್ರಿ ಸರ್. ಗಾಡಿ ನೆನಪೈತಿ."

ತೇರು ಹೊರಟಿತು. ಇಬ್ಬರೂ ಎದ್ದು ನಿಂತು ಕೈಮುಗಿದೆವು.